ಎತ್ತರ ಹೊಂದಿಸಬಹುದಾದ ಕಾಯಿಲೋವರ್ ಕಿಟ್: ಬೆಂಗಳೂರಿನ ರಸ್ತೆಗಳಲ್ಲಿ ಹದಿನಾಲ್ಕು ತಿಂಗಳು

ನನ್ನ 2017ರ ಫೋಕ್ಸ್‌ವ್ಯಾಗನ್ ಪೋಲೊ ಕಾರಿನ ಶಾಕ್ ಅಬ್ಸಾರ್ಬರ್‌ಗಳು 90,000 ಕಿಲೋಮೀಟರ್ ಹೊತ್ತಿಗೆ ಎಣ್ಣೆ ಸೋರತೊಡಗಿದಾಗ, ಮತ್ತೆ ಅದೇ ಮಾದರಿಯವನ್ನು ಹಾಕಿಸುವ ಬದಲು ಎತ್ತರ ಹೊಂದಿಸಿಕೊಳ್ಳಬಹುದಾದ ಕಾಯಿಲೋವರ್ ಕಿಟ್ (ಡ್ಯಾಂಪರ್, ಅಂದರೆ ಶಾಕ್ ಅಬ್ಸಾರ್ಬರ್, ಅದರ ಸುತ್ತಲೇ ಸ್ಪ್ರಿಂಗ್ ಕೂರುವ ಸಸ್ಪೆನ್ಷನ್ ಜೋಡಣೆ) ಒಂದನ್ನು ತರಿಸಿಕೊಂಡೆ. ತೈವಾನಿನಲ್ಲಿ ತಯಾರಾದ ಈ ಕಿಟ್‌ಗೆ ಸಾಗಾಟ ಮತ್ತು ತೆರಿಗೆ ಸೇರಿ 96,000 ರೂಪಾಯಿ ಕೊಟ್ಟಿದ್ದೇನೆ. ಹದಿನಾಲ್ಕು ತಿಂಗಳಲ್ಲಿ ಕಾರು ಸುಮಾರು 16,000 ಕಿಲೋಮೀಟರ್ ಓಡಿದೆ. ಅದರಲ್ಲಿ ಹೆಚ್ಚಿನ ಪಾಲು ಬನಶಂಕರಿಯ ಮನೆಯಿಂದ ಎಲೆಕ್ಟ್ರಾನಿಕ್ ಸಿಟಿಯ ಕಚೇರಿಗೆ ಹೋಗಿಬರುವ ಓಡಾಟ. ಈ ಅವಧಿಯಲ್ಲಿ ಎತ್ತರವನ್ನು ಮೂರು ಬಾರಿ ಬದಲಿಸಿದ್ದೇನೆ. ಮೊದಲನೆಯದು ಸಂಪೂರ್ಣ ತಪ್ಪಾಗಿತ್ತು, ಎರಡನೆಯದು ಅರ್ಧ ಸರಿಯಾಗಿತ್ತು, ಮೂರನೆಯದು ಇಂದಿಗೂ ಹಾಗೆಯೇ ಇದೆ. ಕಿಟ್‌ನ ಗುಣಮಟ್ಟದ ಬಗ್ಗೆ ಹೇಳುವುದಿದ್ದರೂ, ಎತ್ತರ ಹೊಂದಿಸುವ ಕೆಲಸದ ಬಗ್ಗೆಯೇ ಹೆಚ್ಚು ಬರೆಯುತ್ತೇನೆ. ಒಳ್ಳೆಯ ಕಿಟ್ ಕೂಡ ತಪ್ಪಾಗಿ ತಿರುಗಿಸಿದರೆ ಕೆಟ್ಟ ಕಿಟ್‌ನಂತೆಯೇ ನಡೆದುಕೊಳ್ಳುತ್ತದೆ ಎಂಬುದನ್ನು ನಾನು ಹಣ ಕೊಟ್ಟು ಕಲಿತಿದ್ದೇನೆ. ತಯಾರಕರ ಹೆಸರನ್ನು ಬರೆಯುತ್ತಿಲ್ಲ. ಇಲ್ಲಿ ಹೇಳುವುದು ಇದೇ ರಚನೆಯ ಬೇರೆ ಯಾವ ಕಿಟ್‌ಗಾದರೂ ಅನ್ವಯಿಸುತ್ತದೆ.

ಮೊದಲು ರಚನೆಯನ್ನು ವಿವರಿಸುತ್ತೇನೆ. ಪೋಲೊ ಕಾರಿನ ಮುಂಭಾಗದಲ್ಲಿರುವುದು ಮ್ಯಾಕ್‌ಫರ್ಸನ್ ಸ್ಟ್ರಟ್. ಅಂದರೆ ಸ್ಪ್ರಿಂಗ್ ಮತ್ತು ಡ್ಯಾಂಪರ್ ಒಂದೇ ಕಂಬದ ಮೇಲೆ ಕುಳಿತಿರುತ್ತವೆ. ಕಿಟ್‌ನ ಮುಂದಿನ ಕಂಬದ ಹೊರಮೈಗೆ ಉದ್ದಕ್ಕೂ ಥ್ರೆಡ್ ಕೊರೆದಿದ್ದಾರೆ. ಮೇಲೆ ಸ್ಪ್ರಿಂಗ್ ಕೂರುವ ಒಂದು ರಿಂಗ್, ಅದರ ಕೆಳಗೆ ಅದನ್ನು ಬಿಗಿಹಿಡಿಯುವ ಲಾಕ್ ರಿಂಗ್. ಇನ್ನೂ ಕೆಳಗೆ, ಚಕ್ರವನ್ನು ಹೊರುವ ಲೋಹದ ಭಾಗವಾದ ನಕಲ್‌ಗೆ ಸೇರುವ ಬ್ರ್ಯಾಕೆಟ್ ಕೂಡ ಇದೇ ಥ್ರೆಡ್‌ನ ಮೇಲೆ ತಿರುಗುತ್ತದೆ, ಅದಕ್ಕೂ ಪ್ರತ್ಯೇಕ ಲಾಕ್ ರಿಂಗ್ ಇದೆ. ಹಿಂಭಾಗದಲ್ಲಿ ಎರಡು ಚಕ್ರಗಳನ್ನೂ ಸೇರಿಸುವ ಅಡ್ಡತೊಲೆ, ಅಂದರೆ ಟ್ವಿಸ್ಟ್ ಬೀಮ್, ಇರುವುದರಿಂದ ಸ್ಪ್ರಿಂಗ್ ಬೇರೆ, ಡ್ಯಾಂಪರ್ ಬೇರೆ. ಸ್ಪ್ರಿಂಗ್‌ನ ತುದಿಯಲ್ಲಿ ಮೇಲೆ ಕೆಳಗೆ ತಿರುಗುವ ಒಂದು ದುಂಡನೆಯ ಅಡ್ಜಸ್ಟರ್ ಕೊಟ್ಟಿದ್ದಾರೆ. ಕಟ್ಟುನಿಟ್ಟಾಗಿ ಹೇಳುವುದಾದರೆ ಹಿಂಭಾಗದ್ದು ಕಾಯಿಲೋವರ್ ಅಲ್ಲವೇ ಅಲ್ಲ, ಆದರೂ ಪೆಟ್ಟಿಗೆಯ ಮೇಲೆ ನಾಲ್ಕಕ್ಕೂ ಸೇರಿ ಅದೇ ಹೆಸರು. ಮುಂದಿನ ಸ್ಪ್ರಿಂಗ್ ಒಂದು ಮಿಲಿಮೀಟರ್ ಕುಗ್ಗಲು 5 ಕಿಲೋ ಭಾರ ಬೇಕು. ಹೀಗಾಗಿ ಇದು ಮೂಲ ಸ್ಪ್ರಿಂಗ್‌ಗಿಂತ ಸ್ಪಷ್ಟವಾಗಿ ಗಡಸು.

ಮುಂಭಾಗದಲ್ಲಿ ಕಾರನ್ನು ತಗ್ಗಿಸಲು ಈ ಕಿಟ್‌ನಲ್ಲಿ ಎರಡು ದಾರಿಗಳಿವೆ, ಮತ್ತು ಇವೆರಡೂ ಒಂದೇ ಅಲ್ಲ ಎಂಬುದೇ ಈ ಬರಹದ ಮುಖ್ಯ ಮಾತು. ಮೇಲಿನ ರಿಂಗನ್ನು ಕೆಳಕ್ಕೆ ತಿರುಗಿಸಿದರೆ ಸ್ಪ್ರಿಂಗ್ ಕೂರುವ ಜಾಗ ಇಳಿಯುತ್ತದೆ, ಅದರೊಂದಿಗೆ ಕಾರೂ ಇಳಿಯುತ್ತದೆ. ಆದರೆ ಡ್ಯಾಂಪರ್‌ನ ದಂಡ ಅಷ್ಟೇ ಮಟ್ಟಿಗೆ ಒಳಗೆ ಹೋಗಿರುತ್ತದೆ, ಅಂದರೆ ಗುಂಡಿಗೆ ಬಿದ್ದಾಗ ಚಕ್ರ ಮೇಲೇರಲು ಬೇಕಾದ ಜಾಗವನ್ನು ನಾವು ಮೊದಲೇ ಖರ್ಚು ಮಾಡಿಬಿಟ್ಟಿರುತ್ತೇವೆ. ಕೆಳಗಿನ ಬ್ರ್ಯಾಕೆಟ್ಟನ್ನು ಕಂಬದ ಮೇಲೆ ಹೆಚ್ಚು ಸುತ್ತು ತಿರುಗಿಸಿದರೆ ಇಡೀ ಕಂಬವೇ ಗಿಡ್ಡವಾಗುತ್ತದೆ, ದಂಡ ಇದ್ದಲ್ಲೇ ಇರುತ್ತದೆ. ಲೆಕ್ಕ ಹಾಕಿ ನೋಡೋಣ. ನನ್ನ ಕಾರಿನ ಮುಂದಿನ ಒಂದೊಂದು ಮೂಲೆಯ ಸ್ಪ್ರಿಂಗ್ ಸುಮಾರು 300 ಕಿಲೋ ಹೊರುತ್ತದೆ. 5 ಕಿಲೋಗೆ ಒಂದು ಮಿಲಿಮೀಟರ್‌ನಂತೆ ಅದು 60 ಮಿ.ಮೀ. ಕುಗ್ಗುತ್ತದೆ. ಜೋಡಿಸುವಾಗಲೇ ಸ್ಪ್ರಿಂಗನ್ನು 5 ಮಿ.ಮೀ. ಕುಗ್ಗಿಸಿ ಕೂರಿಸಿದ್ದರೆ (ಇದಕ್ಕೆ ಪ್ರೀಲೋಡ್ ಎನ್ನುತ್ತಾರೆ), ಚಕ್ರ ನೆಲಕ್ಕೆ ಮುಟ್ಟಿ ನಿಂತಾಗ ದಂಡ 55 ಮಿ.ಮೀ. ಒಳಗೆ ಹೋಗಿರುತ್ತದೆ. ಡ್ಯಾಂಪರ್‌ನ ಒಟ್ಟು ಟ್ರಾವೆಲ್, ಅಂದರೆ ದಂಡ ಚಲಿಸಬಲ್ಲ ದೂರ, 140 ಮಿ.ಮೀ.; ಉಳಿದದ್ದು 85. ಅದರಲ್ಲಿ ಕೊನೆಯ ಪೆಟ್ಟನ್ನು ತಡೆಯುವ ಮೆತ್ತನೆಯ ತುಂಡು, ಅಂದರೆ 45 ಮಿ.ಮೀ. ಉದ್ದದ ಬಂಪ್ ಸ್ಟಾಪ್, ಕುಳಿತಿದೆ. ಹಾಗಾಗಿ ಚಕ್ರಕ್ಕೆ ಅಡೆತಡೆಯಿಲ್ಲದೆ ಮೇಲೇರಲು ಇರುವುದು 40 ಮಿ.ಮೀ. ಮಾತ್ರ. ಈ ನಲವತ್ತು ಮಿಲಿಮೀಟರ್‌ನಲ್ಲಿ ಒಂದೊಂದನ್ನೂ ಬಹಳ ಜೋಪಾನವಾಗಿ ನೋಡಿಕೊಳ್ಳಬೇಕು. ಇಲ್ಲಿ ಇನ್ನೊಂದು ತಪ್ಪು ತಿಳಿವಳಿಕೆಯನ್ನೂ ಸರಿಪಡಿಸಬೇಕು: ಪ್ರೀಲೋಡ್ ಹೆಚ್ಚಿಸಿದರೆ ಸ್ಪ್ರಿಂಗ್ ಗಡಸಾಗುತ್ತದೆ ಎಂದು ಅನೇಕ ಗ್ಯಾರೇಜುಗಳಲ್ಲಿ ಹೇಳುತ್ತಾರೆ. ಉದ್ದಕ್ಕೂ ಒಂದೇ ಸಮನಾದ ಸುರುಳಿಯ ಸ್ಪ್ರಿಂಗ್‌ನಲ್ಲಿ ಗಡಸುತನ ಬದಲಾಗುವುದಿಲ್ಲ. ಬದಲಾಗುವುದು ಕಾರಿನ ಎತ್ತರ ಮತ್ತು ದಂಡ ನಿಲ್ಲುವ ಜಾಗ.

ಮೊದಲ ಅಳವಡಿಕೆಯನ್ನು ನಗರದ ಒಂದು ಗ್ಯಾರೇಜಿನಲ್ಲಿ ಮಾಡಿಸಿದೆ. ಅಲ್ಲಿ ಅಳತೆ ಎಂದರೆ ಬೆರಳು. ಟಯರಿಗೂ ಫೆಂಡರಿಗೂ ನಡುವಿನ ಸಂದಿನಲ್ಲಿ ಕೈ ಇಟ್ಟು, "ಈಗ ನಾಲ್ಕು ಬೆರಳಿದೆ ಸರ್, ಎರಡಕ್ಕೆ ತಂದ್ರೆ ಸೂಪರ್ ಲುಕ್ ಬರುತ್ತೆ" ಎಂದರು. ನಾನು ಒಪ್ಪಿದೆ. ಪೆಟ್ಟಿಗೆಯಿಂದ ತೆಗೆದಾಗಿನ ಸ್ಥಿತಿಯಲ್ಲಿ ಕಾರು ಹಳೆಯ ಎತ್ತರಕ್ಕಿಂತ ಸುಮಾರು 10 ಮಿ.ಮೀ. ತಗ್ಗಾಗಿತ್ತು, ಅವರು ಅದರ ಮೇಲೆ ಇನ್ನೂ 35 ಮಿ.ಮೀ. ಇಳಿಸಿದರು, ಅದೂ ಕಂಬವನ್ನು ಬಿಚ್ಚದೆ ಸುಲಭವಾಗಿ ಕೈಗೆ ಸಿಗುವ ಮೇಲಿನ ರಿಂಗನ್ನೇ ತಿರುಗಿಸಿ. ಮೇಲಿನ ಲೆಕ್ಕವನ್ನು ಮತ್ತೆ ನೋಡಿ: 40ರಲ್ಲಿ 35 ಹೋದರೆ ಉಳಿಯುವುದು 5. ಕಾರು ಹೆಸರಿಗೆ ಮಾತ್ರ ಸ್ಪ್ರಿಂಗ್ ಮೇಲಿತ್ತು. ನಿಜವಾಗಿ ಅದು ಬಂಪ್ ಸ್ಟಾಪ್ ಮೇಲೆ ಓಡುತ್ತಿತ್ತು. ಜಾಕ್ ಹಾಕಿ ಎತ್ತಿದರೆ ಸ್ಪ್ರಿಂಗ್ ತನ್ನ ಜಾಗದಲ್ಲಿ ಸಡಿಲವಾಗಿ, ಎರಡು ಬೆರಳಲ್ಲಿ ಅಲುಗಾಡಿಸಿದರೂ ತಿರುಗುವಷ್ಟು ಬಿಟ್ಟುಕೊಳ್ಳುತ್ತಿತ್ತು.

ಮೊದಲ ವಾರದಲ್ಲೇ ತೊಂದರೆ ಕಾಣಿಸಿತು. ಹೊಸೂರು ರಸ್ತೆಯ ಮೇಲಿನ ಸುಮಾರು 10 ಕಿ.ಮೀ. ಉದ್ದದ ಎಲಿವೇಟೆಡ್ ರಸ್ತೆಯಲ್ಲಿ ಪ್ರತಿ ಜೋಡಣೆಯ ಮೇಲೆ ಹೋಗುವಾಗಲೂ ಸ್ಟಿಯರಿಂಗ್‌ಗೆ ಸುತ್ತಿಗೆಯಿಂದ ಹೊಡೆದಂತೆ ಪೆಟ್ಟು ಬರುತ್ತಿತ್ತು. ಡ್ಯಾಂಪರ್‌ನ ಬಿಗಿಯನ್ನು ಹಂತ ಹಂತವಾಗಿ ಹೊಂದಿಸುವ ಕ್ಲಿಕ್‌ಗಳನ್ನು ಎಷ್ಟು ಸಡಿಲಿಸಿದರೂ ವ್ಯತ್ಯಾಸವಾಗಲಿಲ್ಲ. ಈಗ ಯೋಚಿಸಿದರೆ ಆಗಬೇಕಾಗಿಯೂ ಇರಲಿಲ್ಲ, ಪೆಟ್ಟು ಬರುತ್ತಿದ್ದದ್ದು ಡ್ಯಾಂಪರ್‌ನ ಎಣ್ಣೆಯಿಂದಲ್ಲ. ಕಿಟ್ ಗಡಸು, ನಮ್ಮ ರಸ್ತೆಗೆ ಒಗ್ಗುವುದಿಲ್ಲ ಎಂದು ನಾನು ತೀರ್ಮಾನಿಸಿಬಿಡುವ ಹಂತದಲ್ಲಿದ್ದೆ. ಕಿಟ್ ಮಾರಿಬಿಡುವ ಯೋಚನೆಯೂ ಬಂದಿತ್ತು.

ನಿಜ ಸಂಗತಿ ತಿಳಿದದ್ದು ಎರಡು ರೂಪಾಯಿಯ ಕೇಬಲ್ ಟೈನಿಂದ. ಎರಡನೆಯ ವರ್ಕ್‌ಶಾಪಿನ ಹಿರಿಯ ಮೆಕ್ಯಾನಿಕ್ ಡ್ಯಾಂಪರ್‌ನ ಧೂಳುಕವಚವನ್ನು ಮೇಲೆ ಸರಿಸಿ, ಹೊಳೆಯುವ ದಂಡದ ಸುತ್ತ ಒಂದು ಸಣ್ಣ ಕಪ್ಪು ಟೈ ಬಿಗಿದು, ಅದನ್ನು ಕೆಳಗೆ ಸೀಲಿನ ಬಾಯಿಯವರೆಗೆ ಸರಿಸಿದರು. "ಮಾಮೂಲಿ ದಾರಿಯಲ್ಲೇ ಒಂದು ದಿನ ಓಡಾಡಿ ಬನ್ನಿ ಸರ್, ನೋಡೋಣ ಎಲ್ಲಿಗೆ ಹೋಗುತ್ತೆ ಅಂತ" ಎಂದರು. ದಂಡ ಒಳಗೆ ಹೋದಾಗ ಸೀಲು ಟೈಯನ್ನು ಮೇಲೆ ತಳ್ಳುತ್ತದೆ, ದಂಡ ಹೊರಗೆ ಬಂದಾಗ ಟೈ ಅಲ್ಲೇ ಉಳಿಯುತ್ತದೆ. ಆ ದಿನದ ಅತಿ ದೊಡ್ಡ ಪೆಟ್ಟಿಗೆ ಡ್ಯಾಂಪರ್ ಎಷ್ಟು ಕುಗ್ಗಿತ್ತು ಎಂಬುದರ ಗುರುತು ಅದು. ಮರುದಿನ ಸಂಜೆ ಕವಚ ಸರಿಸಿ ನೋಡಿದಾಗ ಟೈ ಬಂಪ್ ಸ್ಟಾಪಿನ ಕೆಳ ಅಂಚಿಗೆ ಅಂಟಿಕೊಂಡು, ಅದರ ಮೆತ್ತನೆಯ ಹಳದಿ ಮೈಯೊಳಗೆ ಅರ್ಧ ಹೂತುಹೋಗಿತ್ತು. ಬಂಪ್ ಸ್ಟಾಪಿನ ಮೇಲೆ ಸುತ್ತಲೂ ಸಣ್ಣ ಸಣ್ಣ ಬಿರುಕುಗಳು ಎದ್ದಿದ್ದವು. ಹೊಸ ಭಾಗಕ್ಕೆ ಆರು ವಾರದಲ್ಲಿ ಆ ಸ್ಥಿತಿ. ದಂಡ ಹೊರಗೆ ಕಾಣುವ ವಿನ್ಯಾಸದ ಡ್ಯಾಂಪರ್ ಇರುವ ಯಾರೇ ಆಗಲಿ, ಮೊದಲು ಈ ಪರೀಕ್ಷೆ ಮಾಡಿಕೊಳ್ಳಬೇಕೆಂದು ನಾನು ಒತ್ತಿ ಹೇಳುತ್ತೇನೆ. ದಂಡ ತಲೆಕೆಳಗಾಗಿ ಕಂಬದೊಳಗೆ ಅಡಗಿರುವ ಡ್ಯಾಂಪರ್‌ಗಳಲ್ಲಿ ಮಾತ್ರ ಇದು ಸಾಧ್ಯವಾಗುವುದಿಲ್ಲ.

ಆ ವರ್ಕ್‌ಶಾಪಿನ ಕೆಲಸದ ರೀತಿಯನ್ನು ಸ್ವಲ್ಪ ವಿವರವಾಗಿ ಬರೆಯುತ್ತೇನೆ. ನಾನು ಕೊಟ್ಟ 5,500 ರೂಪಾಯಿ ಕೂಲಿಯಲ್ಲಿ ಹೆಚ್ಚಿನ ಮೌಲ್ಯ ಸ್ಪ್ಯಾನರ್ ತಿರುಗಿಸಿದ್ದಕ್ಕಲ್ಲ, ಅಳತೆಗೆ ಸಲ್ಲಬೇಕು. ಅವರು ನೆಲದಿಂದ ಫೆಂಡರಿಗೆ ಅಳೆಯಲಿಲ್ಲ. ಟಯರಿನ ಗಾಳಿ, ಸವೆತ, ನೆಲದ ಓರೆ ಇವೆಲ್ಲ ಆ ಅಳತೆಯಲ್ಲಿ ಸೇರಿಕೊಳ್ಳುತ್ತವೆ. ಚಕ್ರದ ನಡುಮಧ್ಯದಿಂದ ನೇರವಾಗಿ ಮೇಲಿರುವ ಫೆಂಡರ್ ಅಂಚಿಗೆ ಅಳೆದರೆ ಸಸ್ಪೆನ್ಷನ್‌ನ ಎತ್ತರ ಮಾತ್ರ ಸಿಗುತ್ತದೆ. ಹಳೆಯ ಸಸ್ಪೆನ್ಷನ್ ಇದ್ದಾಗ ನನ್ನ ಕಾರಿನಲ್ಲಿ ಮುಂದೆ 382, ಹಿಂದೆ 378 ಮಿ.ಮೀ. ಇತ್ತು ಎಂದು ನಾನು ಬರೆದಿಟ್ಟುಕೊಂಡಿದ್ದೆ. ಮೊದಲ ಗ್ಯಾರೇಜಿನಿಂದ ಬಂದಾಗ ಮುಂದೆ 337. ಅಳೆಯುವಾಗ ಪೆಟ್ರೋಲ್ ಟ್ಯಾಂಕ್ ಅರ್ಧ, ಡಿಕ್ಕಿಯಲ್ಲಿ ಸ್ಟೆಪ್ನಿ ಬಿಟ್ಟು ಬೇರೇನೂ ಇಲ್ಲ, ಚಾಲಕನ ಸೀಟಿನಲ್ಲಿ ನಾನು. ಜಾಕ್ ಇಳಿಸಿದ ಕೂಡಲೇ ಅವರು ಟೇಪು ಹಿಡಿಯಲಿಲ್ಲ. ಜಾಕಿನಿಂದ ಇಳಿದ ಕಾರಿನ ಚಕ್ರಗಳು ನೆಲವನ್ನು ಕಚ್ಚಿಕೊಂಡು ಒಳಕ್ಕೆ ಎಳೆದುಕೊಂಡಿರುತ್ತವೆ, ಆಗ ಅಳೆದರೆ ಕಾರು ನಿಜಕ್ಕಿಂತ ಎತ್ತರವಾಗಿ ಕಾಣುತ್ತದೆ. ಹಾಗಾಗಿ ಕಾರನ್ನು ನಾಲ್ಕಾರು ಅಡಿ ಮುಂದೆ ಹಿಂದೆ ಉರುಳಿಸಿ, ಬಾನೆಟ್ಟನ್ನು ಎರಡು ಸಲ ಒತ್ತಿ ಬಿಟ್ಟು, ಆಮೇಲೆ ಅಳೆದರು. ಪ್ರತಿ ಬದಲಾವಣೆಯ ನಂತರವೂ ಇದೇ ಕ್ರಮ. ನಾಲ್ಕು ಮೂಲೆಗಳ ಸಂಖ್ಯೆಯನ್ನು ನೆಲದ ಮೇಲೆ ಸೀಮೆಸುಣ್ಣದಲ್ಲಿ ಬರೆಯುತ್ತಾ ಹೋದರು. ಮಧ್ಯಾಹ್ನದ ಹೊತ್ತಿಗೆ ಆ ನೆಲ ಲೆಕ್ಕದ ಪುಸ್ತಕದಂತಿತ್ತು.

ಅವರು ಮೊದಲು ಮಾಡಿದ್ದು ಸ್ಪ್ರಿಂಗ್‌ನ ರಿಂಗನ್ನು ಮೇಲೇರಿಸಿ 5 ಮಿ.ಮೀ. ಪ್ರೀಲೋಡ್‌ಗೆ ಮರಳಿ ತಂದದ್ದು, ಅಂದರೆ ಸ್ಪ್ರಿಂಗ್ ಸಡಿಲವಿಲ್ಲದೆ ಕುಳಿತ ಜಾಗದಿಂದ ಎರಡೂವರೆ ಸುತ್ತು ಮೇಲೆ. ಈ ಕಿಟ್‌ನ ಥ್ರೆಡ್ ಒಂದು ಸುತ್ತಿಗೆ 2 ಮಿ.ಮೀ. ಚಲಿಸುತ್ತದೆ, ಆದ್ದರಿಂದ ಸುತ್ತುಗಳನ್ನು ಎಣಿಸಿದರೆ ಸಾಕು. ರಿಂಗಿನ ಒಂದು ಹಲ್ಲಿಗೆ ಬಣ್ಣದ ಚುಕ್ಕೆ ಇಟ್ಟುಕೊಂಡರೆ ಎಣಿಕೆ ತಪ್ಪುವುದಿಲ್ಲ. ನಂತರ ತಗ್ಗಿಸಬೇಕಾದದ್ದನ್ನು ಕೆಳಗಿನ ಬ್ರ್ಯಾಕೆಟ್ಟಿನಲ್ಲಿ ತಗ್ಗಿಸಿದರು. ಬ್ರ್ಯಾಕೆಟ್ಟಿಗೂ ಎರಡು ಮಿತಿಗಳಿವೆ. ಕಾರನ್ನು ಏರಿಸಲು ಅದನ್ನು ಹೊರಗೆ ತಿರುಗಿಸುತ್ತಾ ಹೋದರೆ ಕಂಬ ಬ್ರ್ಯಾಕೆಟ್ಟಿನೊಳಗೆ ಹಿಡಿದಿರುವ ಥ್ರೆಡ್ ಕಡಿಮೆಯಾಗುತ್ತದೆ, ಇಡೀ ಮೂಲೆಯ ಭಾರ ನಾಲ್ಕೈದು ಸುತ್ತುಗಳ ಮೇಲೆ ನಿಲ್ಲುವುದು ಅಪಾಯ. ತಯಾರಕರು ಕೊಟ್ಟ ಕನಿಷ್ಠ ಗುರುತನ್ನು ಎಂದೂ ದಾಟಬಾರದು. ತಗ್ಗಿಸುವ ಕಡೆಯಲ್ಲಿ ಮಿತಿ ಬೇರೆ ರೀತಿಯದು: ಡ್ಯಾಂಪರ್‌ನ ಟ್ರಾವೆಲ್ ಪೂರ್ತಿ ಉಳಿದಿದ್ದರೂ ಚಕ್ರ ಮಾತ್ರ ಫೆಂಡರಿಗೆ ಹತ್ತಿರ ಬಂದಿರುತ್ತದೆ, ಬಂಪ್ ಸ್ಟಾಪ್ ತಡೆಯುವ ಮೊದಲೇ ಟಯರು ಒಳಗಿನ ಪ್ಲಾಸ್ಟಿಕ್ ಲೈನರಿಗೆ ಉಜ್ಜಬಹುದು. ಬ್ರ್ಯಾಕೆಟ್ಟಿನಲ್ಲಿ ಎಷ್ಟು ಬೇಕಾದರೂ ಇಳಿಸಬಹುದು ಎಂಬ ಜಾಹೀರಾತಿನ ಮಾತನ್ನು ಆದ್ದರಿಂದ ನಂಬಬಾರದು. ನಮ್ಮ ಕಾರಿಗೆ ಮುಂದೆ 20 ಮಿ.ಮೀ. ತಗ್ಗು ಎಂದು ನಿಲ್ಲಿಸಿದೆವು: ಪೆಟ್ಟಿಗೆಯ ಸ್ಥಿತಿಯಲ್ಲೇ ಇದ್ದ 10, ಬ್ರ್ಯಾಕೆಟ್ಟಿನ ಐದು ಸುತ್ತಿನ 10.

ಇಪ್ಪತ್ತೇ ಏಕೆ ಎಂಬುದಕ್ಕೆ ನಮ್ಮ ರಸ್ತೆಗಳಲ್ಲಿ ಉತ್ತರವಿದೆ. ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ ಮಾನದಂಡದಂತೆ ದುಂಡನೆಯ ಹಂಪ್ 3.7 ಮೀಟರ್ ಅಗಲ, 10 ಸೆಂಟಿಮೀಟರ್ ಎತ್ತರ ಇರಬೇಕು. ಗಂಟೆಗೆ 25 ಕಿ.ಮೀ. ವೇಗದಲ್ಲಿ ದಾಟಲು ರೂಪಿಸಿದ್ದು ಅದು. ಪೋಲೊ ಕಾರಿನ ಎರಡು ಆಕ್ಸಲ್‌ಗಳ ನಡುವಿನ ಅಂತರ ಸುಮಾರು 2.47 ಮೀಟರ್. ಇಂಥ ಹಂಪಿನ ನೆತ್ತಿ ಕಾರಿನ ಹೊಟ್ಟೆಯ ಕೆಳಗೆ ಸರಿಯಾಗಿ ನಡುವೆ ಬಂದಾಗ ನಾಲ್ಕೂ ಚಕ್ರಗಳು ಕೂಡ ಹಂಪಿನ ಮೇಲೆಯೇ ಇರುತ್ತವೆ. ಲೆಕ್ಕ ಹಾಕಿದರೆ ಚಕ್ರಗಳ ಮಟ್ಟಕ್ಕಿಂತ ಹಂಪಿನ ನೆತ್ತಿ ಮೇಲಿರುವುದು ಸುಮಾರು ನಾಲ್ಕೂವರೆ ಸೆಂಟಿಮೀಟರ್ ಮಾತ್ರ. ಸಾಕಷ್ಟು ತಗ್ಗಿಸಿದ ಕಾರು ಕೂಡ ಇದನ್ನು ನಿಧಾನವಾಗಿ ದಾಟಿಬಿಡುತ್ತದೆ. ತೊಂದರೆ ಕೊಡುವುದು ಬಡಾವಣೆಯ ಅಡ್ಡರಸ್ತೆಗಳಲ್ಲಿ ಒಂದು ಮೀಟರೂ ಅಗಲವಿಲ್ಲದೆ ಗೋಡೆಯಂತೆ ಎದ್ದ ಹಂಪ್‌ಗಳು. ಅವು ಪೂರ್ತಿಯಾಗಿ ಎರಡು ಆಕ್ಸಲ್‌ಗಳ ನಡುವೆ ಬರುವುದರಿಂದ ಅವುಗಳ ಅಷ್ಟೂ ಎತ್ತರ ಹೊಟ್ಟೆಗೆ ಎದುರಾಗುತ್ತದೆ. ನಮ್ಮ ಬೀದಿಯ ತಿರುವಿನಲ್ಲಿರುವ ಹಂಪನ್ನು ನಾನು ಹಲಗೆ ಮತ್ತು ಟೇಪು ಇಟ್ಟು ಅಳೆದೆ: 12 ಸೆಂ.ಮೀ. ಮೊದಲ ಗ್ಯಾರೇಜು ಬಿಟ್ಟುಕೊಟ್ಟ ಎತ್ತರದಲ್ಲಿ ನನ್ನ ಎಂಜಿನ್ ಗಾರ್ಡ್ ನೆಲದಿಂದ 103 ಮಿ.ಮೀ. ಮೇಲಿತ್ತು, ದಿನಕ್ಕೆ ಎರಡು ಸಲ ಉಜ್ಜುತ್ತಿತ್ತು. ಈಗ 128 ಇದೆ. ನಾನೊಬ್ಬನೇ ಇದ್ದರೆ ಉಜ್ಜುವುದಿಲ್ಲ. ಐದು ಜನ ಕುಳಿತರೆ ಆ ಒಂದು ಹಂಪ್ ಮಾತ್ರ ಈಗಲೂ ತಗಲುತ್ತದೆ, ಓರೆಯಾಗಿ ಹತ್ತಿಸಿ ಇಳಿಸುತ್ತೇನೆ. ತಮ್ಮ ದಿನನಿತ್ಯದ ದಾರಿಯಲ್ಲಿರುವ ಅತಿ ಕೆಟ್ಟ ಹಂಪನ್ನು ಒಮ್ಮೆ ಅಳೆಯದೆ ಎತ್ತರ ನಿರ್ಧರಿಸುವುದು ಅಳತೆ ಕೊಡದೆ ಬಟ್ಟೆ ಹೊಲಿಸಿದಂತೆ.

ನೆಲದಿಂದ ಇರುವ ಅಂತರ ಒಂದು ಕಾರಣವಾದರೆ, ಚಕ್ರವನ್ನು ಕೆಳಗಿನಿಂದ ಕಾರಿನ ಚೌಕಟ್ಟಿಗೆ ಸೇರಿಸುವ ಲೋವರ್ ಆರ್ಮ್‌ನ ಕೋನ ಇನ್ನೊಂದು, ಮತ್ತು ನನ್ನ ದೃಷ್ಟಿಯಲ್ಲಿ ಇದು ಹೆಚ್ಚು ಮುಖ್ಯ. ಮ್ಯಾಕ್‌ಫರ್ಸನ್ ಸ್ಟ್ರಟ್ ಇರುವ ಕಾರನ್ನು ತಗ್ಗಿಸಿದಾಗ ಗುರುತ್ವ ಕೇಂದ್ರ ಇಳಿಯುವುದು ನಿಜ, ಆದರೆ ತಿರುವಿನಲ್ಲಿ ಕಾರು ಯಾವ ಬಿಂದುವಿನ ಸುತ್ತ ವಾಲುತ್ತದೆಯೋ ಆ ಬಿಂದು ಅದಕ್ಕಿಂತ ಹೆಚ್ಚು ಇಳಿದುಬಿಡುತ್ತದೆ. ಎರಡರ ನಡುವಿನ ಅಂತರ ಹೆಚ್ಚಿದಷ್ಟೂ ವಾಲಿಸುವ ಸನ್ನೆ ಉದ್ದವಾಗುತ್ತದೆ. ತಗ್ಗಿದ ಕಾರು ಹೆಚ್ಚು ವಾಲಲು ಬಯಸುವ ವಿಚಿತ್ರ ಸ್ಥಿತಿ ಅದು. ಕಣ್ಣಿಗೆ ಕಾಣುವ ಗುರುತು ಸುಲಭ: ಆರ್ಮ್‌ನ ಚಕ್ರದ ಕಡೆಯ ತುದಿ ಒಳಗಿನ ತುದಿಗಿಂತ ಮೇಲೆದ್ದಿದ್ದರೆ ಅತಿಯಾಗಿ ತಗ್ಗಿಸಿದ್ದೇವೆ ಎಂದರ್ಥ. 45 ಮಿ.ಮೀ. ತಗ್ಗಿಸಿದಾಗ ನನ್ನ ಕಾರಿನಲ್ಲಿ ಹಾಗೆಯೇ ಆಗಿತ್ತು. 20ರಲ್ಲಿ ಆರ್ಮ್ ಹೆಚ್ಚುಕಡಿಮೆ ನೆಲಕ್ಕೆ ಸಮಾನಾಂತರವಾಗಿದೆ. ನೈಸ್ ರಸ್ತೆಯ ಇಳಿಜಾರಿನ ದೊಡ್ಡ ತಿರುವುಗಳಲ್ಲಿ ಕಾರು ಈಗ ಮೊದಲಿಗಿಂತ ಎತ್ತರದಲ್ಲಿದ್ದರೂ ಕಡಿಮೆ ವಾಲುತ್ತದೆ.

ಹಿಂಭಾಗದ ಅಡ್ಜಸ್ಟರ್ ಬಗ್ಗೆ ಒಂದು ಎಚ್ಚರಿಕೆ. ಟ್ವಿಸ್ಟ್ ಬೀಮ್‌ನಲ್ಲಿ ಸ್ಪ್ರಿಂಗ್ ಕೂರುವುದು ಚಕ್ರದ ನೇರಕ್ಕಲ್ಲ, ಸ್ವಲ್ಪ ಮುಂದೆ. ಆದ್ದರಿಂದ ಅಡ್ಜಸ್ಟರನ್ನು 10 ಮಿ.ಮೀ. ತಿರುಗಿಸಿದರೆ ಕಾರಿನ ಎತ್ತರ ಅದಕ್ಕಿಂತ ಹೆಚ್ಚು ಬದಲಾಗುತ್ತದೆ. ನನ್ನ ಕಾರಿನಲ್ಲಿ ಸುಮಾರು 13 ಬಂತು. ಮುಂದಿನ ಲೆಕ್ಕವನ್ನೇ ಹಿಂದಕ್ಕೂ ಹಿಡಿದರೆ ಹಿಂಭಾಗ ಅಗತ್ಯಕ್ಕಿಂತ ಕುಸಿದು, ರಾತ್ರಿ ಹೆಡ್‌ಲೈಟ್ ಎದುರಿನವರ ಕಣ್ಣಿಗೆ ಹೊಡೆಯುತ್ತದೆ. ನಾವು ಹಿಂದೆ 15 ಮಿ.ಮೀ. ಮಾತ್ರ ತಗ್ಗಿಸಿ 363ಕ್ಕೆ ನಿಲ್ಲಿಸಿದೆವು, ಏಕೆಂದರೆ ವಾರಾಂತ್ಯದಲ್ಲಿ ಹಿಂದಿನ ಸೀಟು ಸಾಮಾನ್ಯವಾಗಿ ತುಂಬಿರುತ್ತದೆ.

ಎಡಬಲದ ವ್ಯತ್ಯಾಸದ ವಿಷಯದಲ್ಲಿ ಮೊದಲ ಗ್ಯಾರೇಜು ಇನ್ನೊಂದು ತಪ್ಪು ಮಾಡಿತ್ತು, ಎರಡನೆಯ ಸಲ ಸ್ವತಃ ಪ್ರಯತ್ನಿಸಿದಾಗ ನಾನೂ ಅದನ್ನೇ ಮಾಡಿದೆ. ಚಾಲಕ ಕುಳಿತಾಗ ಬಲಬದಿ ಮುಂದೆ 6 ಮಿ.ಮೀ. ತಗ್ಗು ಕಾಣುತ್ತಿತ್ತು, ಆ ಒಂದು ಮೂಲೆಯನ್ನಷ್ಟೇ ಏರಿಸಿ ಸಮ ಮಾಡಿದೆವು. ನಾಲ್ಕು ಕಾಲಿನ ಮೇಜಿನ ಒಂದು ಕಾಲಿಗೆ ರಟ್ಟಿನ ತುಂಡು ಇಟ್ಟರೆ ಭಾರ ಆ ಕಾಲಿಗೂ ಅದರ ಕರ್ಣದ ಎದುರು ಕಾಲಿಗೂ ಹೋಗುವಂತೆ, ಕಾರಿನಲ್ಲಿಯೂ ಬಲ ಮುಂದಿನ ಮೂಲೆ ಏರಿಸಿದರೆ ಅದಕ್ಕೂ ಎಡ ಹಿಂದಿನದಕ್ಕೂ ಭಾರ ಸೇರುತ್ತದೆ, ಉಳಿದೆರಡು ಹಗುರಾಗುತ್ತವೆ. ಟೇಪು ಸಮ ಎನ್ನುತ್ತದೆ, ಆದರೆ ಮಳೆಯಲ್ಲಿ ಗಟ್ಟಿಯಾಗಿ ಬ್ರೇಕ್ ಹಿಡಿದಾಗ ಹಗುರವಾದ ಚಕ್ರ ಮೊದಲು ಜಾರುತ್ತದೆ. ನಾಲ್ಕು ತಕ್ಕಡಿಗಳ ಮೇಲೆ ನಿಲ್ಲಿಸಿ ತೂಗುವುದು ಸರಿಯಾದ ದಾರಿ. ತಕ್ಕಡಿ ಇಲ್ಲದಿದ್ದರೆ ಎಡಬಲದ 4-5 ಮಿ.ಮೀ. ವ್ಯತ್ಯಾಸವನ್ನು ಹಾಗೆಯೇ ಬಿಡುವುದು ಒಳ್ಳೆಯದು, ಅಥವಾ ನಾಲ್ಕೂ ಮೂಲೆಗಳಲ್ಲಿ ಸ್ವಲ್ಪ ಸ್ವಲ್ಪ ಹಂಚಿ ಸರಿಪಡಿಸಬೇಕು. ಆ ಮೆಕ್ಯಾನಿಕ್ ಬಲ ಮುಂದೆ ಒಂದು ಸುತ್ತಿನ ಮುಕ್ಕಾಲು ಪಾಲು ಏರಿಸಿ, ಎಡ ಮುಂದೆ ಅಷ್ಟೇ ಇಳಿಸಿ, ಹಿಂದೆಯೂ ಅದೇ ರೀತಿ ಬಲ ಏರಿಸಿ ಎಡ ಇಳಿಸಿದರು.

ಎತ್ತರ ಬದಲಾದ ಮೇಲೆ ಮಾಡಬೇಕಾದ ಕೆಲಸಗಳಲ್ಲಿ ವೀಲ್ ಅಲೈನ್ಮೆಂಟ್ ಎಲ್ಲರಿಗೂ ಗೊತ್ತಿದೆ. ಟೋ, ಅಂದರೆ ಮೇಲಿನಿಂದ ನೋಡಿದಾಗ ಚಕ್ರಗಳು ಒಳಕ್ಕೋ ಹೊರಕ್ಕೋ ತಿರುಗಿರುವ ಕೋನ, ಬದಲಾಗಿರುತ್ತದೆ, ಸರಿಪಡಿಸದಿದ್ದರೆ ಟಯರಿನ ಒಳ ಅಂಚು ಕೆಲವೇ ಸಾವಿರ ಕಿಲೋಮೀಟರಿನಲ್ಲಿ ಬೋಳಾಗುತ್ತದೆ. ಎಲ್ಲರೂ ಮರೆಯುವುದು ಬುಷ್‌ಗಳನ್ನು. ಲೋವರ್ ಆರ್ಮ್‌ನ ರಬ್ಬರ್ ಬುಷ್ ತಿರುಗುವ ಬೇರಿಂಗ್ ಅಲ್ಲ. ಬೋಲ್ಟ್ ಬಿಗಿದ ಸ್ಥಿತಿಯಿಂದ ಆಚೀಚೆ ಹಿಂಡಿಕೊಳ್ಳುವ ರಬ್ಬರ್. ಕಾರು ಲಿಫ್ಟ್ ಮೇಲೆ, ಚಕ್ರ ಜೋತುಬಿದ್ದಿರುವಾಗ ಅದರ ಬೋಲ್ಟ್ ಬಿಗಿದರೆ, ಕಾರು ನೆಲಕ್ಕಿಳಿದ ಕ್ಷಣದಿಂದಲೇ ರಬ್ಬರ್ ತಿರುಚಿಕೊಂಡು ನಿಲ್ಲುತ್ತದೆ, ಕೆಲವೇ ತಿಂಗಳಲ್ಲಿ ಹರಿಯುತ್ತದೆ. ನನ್ನ ಎಡಗಡೆಯ ಬುಷ್ ಹೀಗೆಯೇ ಹರಿದಿತ್ತು, ಹಂಪ್ ದಾಟುವಾಗ ಬಾಗಿಲು ಕಿರ್ರೆನ್ನುವಂಥ ಸದ್ದು ಬರುತ್ತಿತ್ತು. ಸಡಿಲಿಸಿದ ಬೋಲ್ಟ್‌ಗಳನ್ನು ಕಾರು ತನ್ನ ಕಾಲ ಮೇಲೆ ನಿಂತಾಗಲೇ ಅಂತಿಮವಾಗಿ ಬಿಗಿಯಬೇಕು. ತಿರುವಿನಲ್ಲಿ ವಾಲುವುದನ್ನು ತಗ್ಗಿಸುವ ಸ್ಟೆಬಿಲೈಸರ್ ಬಾರ್‌ನ ಲಿಂಕ್ ರಾಡ್ ಉದ್ದವನ್ನೂ ಆಗಲೇ ನೋಡಬೇಕು. ಈ ಕಿಟ್‌ನೊಂದಿಗೆ ಬಂದ ಗಿಡ್ಡ ಲಿಂಕ್‌ಗಳು ನಮ್ಮ ಎತ್ತರಕ್ಕೆ ಸರಿಹೊಂದಿದವು. ಹಿಂದಿನ ಆಕ್ಸಲ್‌ನಲ್ಲಿ ಅಲೈನ್ಮೆಂಟ್ ಹೊಂದಿಸಲು ಏನೂ ಇಲ್ಲ.

ಈಗ ಕಿಟ್‌ನ ಗುಣಮಟ್ಟ. ಡ್ಯಾಂಪರ್‌ಗಳು ಎರಡು ಮಳೆಗಾಲ ಕಳೆದರೂ ಒಣಗಿಯೇ ಇವೆ, ಸೋರಿಲ್ಲ. ಕ್ಲಿಕ್‌ಗಳು ಸ್ಪಷ್ಟವಾಗಿವೆ. ಕಂಬದ ಸತುವಿನ ಲೇಪ ಮಾತ್ರ ಸಾಧಾರಣ. ಜರ್ಮನಿಯ ಕೆಡಬ್ಲ್ಯು ಸಂಸ್ಥೆ ಸ್ಟೇನ್‌ಲೆಸ್ ಸ್ಟೀಲಿನ ಕಂಬ ಕೊಡುವುದಕ್ಕೆ ಕಾರಣವೇನು ಎಂಬುದು ಒಂದು ಮಳೆಗಾಲ ಮುಗಿಯುವುದರೊಳಗೆ ಅರ್ಥವಾಗುತ್ತದೆ. ಚಕ್ರ ಎರಚುವ ಕೆಸರು ಥ್ರೆಡ್‌ನೊಳಗೆ ಕುಳಿತು ಸಿಮೆಂಟಿನಂತೆ ಗಟ್ಟಿಯಾಗುತ್ತದೆ, ಅಲ್ಯುಮಿನಿಯಂ ರಿಂಗಿನ ಅಂಚಿನಲ್ಲಿ ಬಿಳಿ ಪುಡಿ ಏಳುತ್ತದೆ. ಮೊದಲ ವರ್ಷ ನಿರ್ಲಕ್ಷಿಸಿದ್ದರಿಂದ ಎಡ ಮುಂದಿನ ಲಾಕ್ ರಿಂಗ್ ಕಚ್ಚಿಕೊಂಡಿತು. ಕಿಟ್‌ನೊಂದಿಗೆ ಬಂದ ಸಿ ಸ್ಪ್ಯಾನರ್ ತೆಳುವಾದದ್ದು, ಅದು ಜಾರಿ ರಿಂಗಿನ ಎರಡು ಹಲ್ಲುಗಳು ಸವೆದವು. ಉಳಿ ಇಟ್ಟು ಸುತ್ತಿಗೆಯಿಂದ ಹೊಡೆಯುವುದು ನಮ್ಮಲ್ಲಿ ಸಾಮಾನ್ಯ, ಅದಕ್ಕೆ ಒಪ್ಪಬೇಡಿ. ಒಂದು ರಾತ್ರಿ ತುಕ್ಕು ಬಿಡಿಸುವ ಎಣ್ಣೆ ಸಿಂಪಡಿಸಿ ಬಿಟ್ಟು, ಜೆ.ಸಿ. ರಸ್ತೆಯಿಂದ ತಂದ ದಪ್ಪನೆಯ ಸ್ಪ್ಯಾನರಿನಿಂದ ತಿರುಗಿಸಿದಾಗ ಬಿಟ್ಟುಕೊಂಡಿತು. ಈಗ ಮೂರು ತಿಂಗಳಿಗೊಮ್ಮೆ ಹಳೆಯ ನೈಲಾನ್ ಬ್ರಷ್ಷಿನಿಂದ ಉಜ್ಜಿ ತೊಳೆದು, ಒಣಗಿದ ಮೇಲೆ ಒಣ ಲೂಬ್ರಿಕಂಟ್ ಸಿಂಪಡಿಸುತ್ತೇನೆ. ತಂತಿಯ ಬ್ರಷ್ಷು ಲೇಪವನ್ನು ಕೆರೆಯುತ್ತದೆ, ಗ್ರೀಸು ಧೂಳನ್ನು ಹಿಡಿದಿಡುತ್ತದೆ, ಎರಡೂ ಬೇಡ. ಚಕ್ರ ಮರಳಿ ಹಾಕುವಾಗ ಬೋಲ್ಟ್‌ಗಳನ್ನು ಟಾರ್ಕ್ ರೆಂಚಿನಿಂದ 120 ನ್ಯೂಟನ್ ಮೀಟರಿಗೆ ಬಿಗಿಯುತ್ತೇನೆ.

ಕಾನೂನಿನ ಮಾತನ್ನೂ ಬಿಡುವಂತಿಲ್ಲ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ, ನೋಂದಣಿ ಪತ್ರದ ವಿವರಗಳು ತಯಾರಕರ ಮೂಲ ವಿವರಗಳಿಗಿಂತ ಬೇರೆಯಾಗುವಂತೆ ವಾಹನವನ್ನು ಬದಲಿಸುವಂತಿಲ್ಲ. ಹಾಕಿಸುವ ಮೊದಲು ಆರ್‌ಟಿಒ ಕಚೇರಿಯಲ್ಲಿ ವಿಚಾರಿಸುವುದು ಒಳಿತು. ವಿಮಾ ಕಂಪನಿಗೆ ನಾನು ಲಿಖಿತವಾಗಿ ತಿಳಿಸಿದ್ದೇನೆ. ವಾರಂಟಿ ಇರುವ ಹೊಸ ಕಾರಾಗಿದ್ದರೆ ನಾನು ಈ ಕೆಲಸಕ್ಕೆ ಕೈ ಹಾಕುತ್ತಿರಲಿಲ್ಲ.

ಈಗಿನ ಸ್ಥಿತಿಯಲ್ಲಿ ಸವಾರಿ ಹೇಗಿದೆ ಎಂದರೆ, ಮೂಲ ಕಾರಿಗಿಂತ ಗಡಸು, ಆದರೆ ಒರಟಲ್ಲ. ಎಲಿವೇಟೆಡ್ ರಸ್ತೆಯ ಜೋಡಣೆಗಳು ಈಗ ಕಾಲಡಿ ಮೆಲ್ಲಗೆ ಠಪ್ ಎನ್ನುತ್ತವೆ, ಕೈಗೆ ಪೆಟ್ಟು ಬರುವುದಿಲ್ಲ. ಅಗೆದು ಮುಚ್ಚಿದ ರಸ್ತೆಯ ಸಾಲು ಗುಂಡಿಗಳಲ್ಲಿ ನಿಧಾನವಾಗಿ ಹೋಗುವಾಗ ಹಿಂದಿನ ಸೀಟಿನವರಿಗೆ ಕುಲುಕಾಟ ಗೊತ್ತಾಗುತ್ತದೆ. ನನ್ನ ತಾಯಿಯವರು ಮೊದಲ ಆರು ವಾರ ಈ ಕಾರಿಗೆ ಹತ್ತಲು ಒಪ್ಪುತ್ತಿರಲಿಲ್ಲ, ಕಳೆದ ತಿಂಗಳು ಮೈಸೂರಿಗೆ ಹೋಗಿಬರುವಾಗ ದಾರಿಯುದ್ದಕ್ಕೂ ನಿದ್ದೆ ಮಾಡಿದರು. ಅದೇ ಕಿಟ್, ಅದೇ ಸ್ಪ್ರಿಂಗ್, ಅದೇ ಕ್ಲಿಕ್‌ಗಳು.

ಹೊಸ ಸ್ಪ್ರಿಂಗ್ ಓಡುತ್ತಾ ಓಡುತ್ತಾ ಸ್ವಲ್ಪ ಕುಸಿಯುತ್ತದೆ, ಆದ್ದರಿಂದ ಸಾವಿರ ಕಿಲೋಮೀಟರಿಗೆ ಮತ್ತೆ ಅಳೆಯಲು ಆ ಮೆಕ್ಯಾನಿಕ್ ಹೇಳಿದ್ದರು. ಅಂದಿನಿಂದ ನಾಲ್ಕು ಮೂಲೆಗಳ ಅಳತೆಯನ್ನು ಗ್ಲೋವ್ ಬಾಕ್ಸಿನ ಸಣ್ಣ ಪುಸ್ತಕದಲ್ಲಿ ದಿನಾಂಕದೊಂದಿಗೆ ಬರೆಯುತ್ತಿದ್ದೇನೆ. ಹೊಂದಿಸಿದ ದಿನ ಮುಂದೆ ಎಡ 363, ಬಲ 361 ಇದ್ದದ್ದು ಸಾವಿರ ಕಿಲೋಮೀಟರಿನ ನಂತರ 361 ಮತ್ತು 360ಕ್ಕೆ ಬಂದು ನಿಂತಿತು. ಕಳೆದ ಭಾನುವಾರ ಬೆಳಿಗ್ಗೆ ಮತ್ತೆ ಅಳೆದೆ: 361, 360. ಕವಚ ಸರಿಸಿ ನೋಡಿದಾಗ ಕೇಬಲ್ ಟೈ ಬಂಪ್ ಸ್ಟಾಪಿನಿಂದ ಒಂದು ಬೆರಳಗಲ ಕೆಳಗೆ ನಿಂತಿತ್ತು.